ಕೊನೆಯ ಕಾಯಿ

"ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟೋನೇ, ಎಣಿಸೋಕೂ ಬರಲ್ವಾ? ಇಲ್ಲ ಮೋಸಾನಾ?" ಪಗಡೆ ಕಾಯಿ ನಡೆಸುತ್ತಿದ್ದ ಅವನ ಕೈಯನ್ನು ಜವರ ಎಲ್ಲರ ಎದುರೇ ಹಿಡಿದುಬಿಟ್ಟ.

ಅವನಿಗೆ ಮೈಯೆಲ್ಲ ಉರಿದುಹೋಯಿತು. ಇವರಿಗೆಲ್ಲ ಈ ಆಟ ಕಲಿಸಿದವನೇ ಅವನು. ದಾಳ ಹೇಗೆ ಉರುಳಿಸಬೇಕು, ಕಾಯಿ ಹೇಗೆ ಹೊಡೆಯಬೇಕು, ಕಾಯೆಲ್ಲ ನಡುಮನೆ ಸೇರಿ ಹಣ್ಣಾದರೆ ಗೆದ್ದ ಹಾಗೆ ಎಂದು ಭಾನುವಾರಗಳಲ್ಲಿ ಗ್ಯಾರೇಜಿನ ಕಟ್ಟೆಯ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟಿದ್ದ. ಒಬ್ಬ ಗೆದ್ದನೋ, ಆಟ ಮುಗಿಯಿತು. ಹೆಂಡತಿ ಮಕ್ಕಳ ನೆನಪಾಗಿ ಎಲ್ಲರೂ ಎದ್ದು ಹೋಗುತ್ತಿದ್ದರು. ಅವನು ಪಗಡೆ ಹಾಸು ಮಡಚಿಕೊಂಡು ಹೋಗಿ ತನ್ನ ಕೋಣೆಯ ಬೀಗ ತೆಗೆಯುತ್ತಿದ್ದ.

"ಕೈ ಬಿಡೋ ಲೇ," ಎಂದ ಹಲ್ಲು ಕಚ್ಚಿಕೊಂಡು.

"ಬಿಡಲ್ಲ. ಬಿದ್ದಿದ್ದು ಎಂಟು. ಸಿದ್ದಣ್ಣ, ನೀನೇ ಎಣಿಸು."

ಎಲ್ಲರಿಗಿಂತ ಹಿರಿಯನಾದ ಸಿದ್ದಣ್ಣ ಮನೆಮನೆಗೂ ಬೆರಳಿಟ್ಟು ಎಣಿಸಿದ. ನಂಬದೆ ಇನ್ನೊಂದು ಸಲ ಎಣಿಸಿದ.

"ಎಂಟು ನಡೆಸಿದ್ರೆ ಇವನ ಕೊನೇ ಕಾಯಿ ಹಣ್ಣಾಗೋದು ಕಣ್ರೋ. ಇವನು ಆರೇ ನಡೆಸವ್ನೆ. ಹೋದ ವಾರಾನೂ ಹಿಂಗೇ ಮಾಡ್ದ. ಗೆಲ್ಲೋ ಆಟ ಯಾಕ್ಲಾ ಬಿಡ್ತೀಯ?"

ಅವನು ಕೈ ಕಿತ್ತುಕೊಂಡು, ಜೇಬಿನಲ್ಲಿ ಬೀಗದ ಕೈ ತಡಕುತ್ತಾ ಹೊರಟುಹೋದ.