ಅರ್ಧ ದಾರಿಯಲ್ಲಿ ನಿಂತ ಲಾರಿ

ಡೀಸೆಲ್ ವಾಸನೆ ಬಂದರೆ ಈಗಲೂ ನನ್ನ ತೊಡೆ ಭಾರವಾಗುತ್ತದೆ.

ನಾನಾಗ ಸಣ್ಣ ಹುಡುಗಿ. ಒಂದು ಮಧ್ಯಾಹ್ನ ಚಿಕ್ಕಮ್ಮನಿಗೆ ಹೆರಿಗೆ ನೋವು ಜೋರಾಯಿತು. ಚಿಕ್ಕಪ್ಪ ಟೊಮೇಟೊ ಸಾಗಿಸುವ ತನ್ನ ಲಾರಿಯಲ್ಲೇ ನಮ್ಮನ್ನೆಲ್ಲ ಕೂರಿಸಿಕೊಂಡು ರಾಯಲ್ಪಾಡಿನಿಂದ ಶ್ರೀನಿವಾಸಪುರದ ಆಸ್ಪತ್ರೆಗೆ ಹೊರಟ. ಚಿಕ್ಕಮ್ಮನ ತಲೆ ನನ್ನ ತೊಡೆಯ ಮೇಲಿತ್ತು, ಕಾಲು ಅಜ್ಜಿಯ ಮಡಿಲಲ್ಲಿ. ಅರ್ಧ ದಾರಿಯಲ್ಲಿ ಲಾರಿ ಕೆಮ್ಮಿ ನಿಂತುಬಿಟ್ಟಿತು.

“ಟ್ಯಾಂಕ್ ತುಂಬ ಡೀಸೆಲ್ ಐತೆ. ಅದನ್ನ ಇಂಜಿನ್ನಿಗೆ ತಳ್ಳೋ ಪಂಪಿಗೆ ಕರೆಂಟ್ ಹೋಗ್ತಿಲ್ಲ,” ಎಂದು ಚಿಕ್ಕಪ್ಪ ಬಾನೆಟ್ ಎತ್ತಿದ. ಫ್ಯೂಸ್ ಸರಿಯಾಗಿಯೇ ಇತ್ತು. ಬಿಸಿ ಇಂಜಿನ್ನಿನ ನಡುವೆ ಕೈ ತೂರಿಸಿ ವೈರನ್ನು ಬೆರಳಲ್ಲೇ ಸವರುತ್ತಾ ಹೋದ.

“ಬಿರ್ನೆ ನೋಡಪ್ಪಾ,” ಎಂದು ಅಜ್ಜಿ ಕೂಗಿದಳು.

“ಇನ್ನೊಂಚೂರು ತಡ್ಕೋ ಕಣೇ,” ಎಂದು ಅವನು ಹೆಂಡತಿಗೆ ಮತ್ತೆ ಮತ್ತೆ ಹೇಳುತ್ತಿದ್ದ. ಮೊದಮೊದಲು ಅವಳು ಹ್ಞೂಂ ಎನ್ನುತ್ತಿದ್ದಳು.

ಕೊನೆಗೆ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ತುಂಡಾಗಿದ್ದ ವೈರ್ ಸಿಕ್ಕಿತು. ಅದನ್ನು ಹಲ್ಲಿನಿಂದ ಸುಲಿದು, ತಿರುಚಿ ಕಟ್ಟಿದ. ಹತ್ತಿ ಕೂತು ಕೀ ತಿರುಗಿಸಿದಾಗ ಇಂಜಿನ್ ಗುಡುಗಿತು.

“ನೋಡ್ದೇನೇ?” ಎಂದು ನಗುತ್ತಾ ಹೆಂಡತಿಯ ಕಡೆ ತಿರುಗಿದ.

ಅಜ್ಜಿ ಅವಳ ಮುಖಕ್ಕೆ ಸೆರಗು ಎಳೆಯುತ್ತಿದ್ದಳು.

“ಇನ್ನು ಮೆಲ್ಲಗೆ ಹೋಗಪ್ಪಾ,” ಎಂದಳು.