ಜವರಯ್ಯನ ವೀರಗಲ್ಲು

ಮೂರು ಲೋಕ ಜಾಲಾಡಿದರೂ ನಮ್ಮೂರಿನಂಥ ಊರು ಸಿಗದು. ಇಲ್ಲಿ ಸತ್ತವನ ಶೌರ್ಯ ದಿನಕ್ಕೊಂದು ಮೊಳ ಬೆಳೆಯುತ್ತದೆ. ಯುದ್ಧಕ್ಕೆ ಹೋದ ಜವರಯ್ಯ ಶತ್ರುಗಳ ಸೆರೆಯಾಳಾಗಿ ನಡುಗಡಲಿನ ಹಡಗಿನಲ್ಲಿ ಸತ್ತನೆಂಬ ಸುದ್ದಿ ಬಂದದ್ದೇ ತಡ, ಪಟೇಲರು ವೀರಗಲ್ಲಿಗೆಂದು ಆನೆಗಾತ್ರದ ಬಂಡೆ ತರಿಸಿ, ಶಿಲ್ಪಿ ಮೌನಾಚಾರಿಯನ್ನು ಕರೆಸಿದರು.

"ಕಾಲಡಿ ಹತ್ತು ಹೆಣ ಕೆತ್ತಯ್ಯ."

"ಹತ್ತು ಯಾವ ಮೂಲೆಗೆ ಪಟೇಲ್ರೇ? ನೂರು ಇರ್ಲಿ!" ಎಂದರು ಶಾನುಭೋಗರು, ಜಿರಲೆ ಕಂಡರೆ ಅಟ್ಟ ಹತ್ತುವ ಮಹಾಶೂರರು.

"ಅವನನ್ನ ಕುದುರೆ ಮೇಲೆ ಕೂರಿಸು" ಎಂದರು ಪಟೇಲರು.

"ಹಡಗಿನೊಳಗೆ ಕುದುರೆಯೇ ಸ್ವಾಮಿ?" ಎಂದ ಆಚಾರಿ.

"ನಮ್ಮೂರ ಕುದುರೆ ಈಜುತ್ತೆ ಕಣೋ!"

ಜವರಯ್ಯನ ಹೆಂಡತಿ ಹೊಂಬಾಳಮ್ಮನಿಗೆ ಆ ಕಲ್ಲಿನ ವಿಷಯದಲ್ಲಿ ತನ್ನದೂ ಒಂದು ಮಾತು ನಡೆಯಬೇಕಿತ್ತು. ಬಾಯಿ ತೆರೆದಾಗಲೆಲ್ಲ, "ಸುಮ್ನಿರಮ್ಮ, ಯುದ್ಧದ ವಿಷಯ ನಿಂಗೇನು ಗೊತ್ತು?" ಎಂದು ಪಟೇಲರೂ ಶಾನುಭೋಗರೂ ಗದರಿದರು.

ಕೊನೆಗೆ ಆಚಾರಿಯೇ ಅವಳತ್ತ ತಿರುಗಿದ. "ಮೇಲಿನ ಸಾಲಿನಲ್ಲಿ ಅವನನ್ನು ಸ್ವರ್ಗಕ್ಕೊಯ್ಯುವ ಅಪ್ಸರೆಯರು ಬರ್ತಾರಮ್ಮ. ವಾಡಿಕೆಯಂತೆ ಕೈಗೆ ಚಾಮರ ಕೊಡಲೇ?"

"ಚಾಮರ ಬ್ಯಾಡ ಕಣಣ್ಣ. ಜತೇಲಿ ಸೆರೆಯಾಗಿದ್ದೋನು ಬಂದು ಹೇಳ್ದ, ಹಡಗಿನ ತಳದಾಗೆ ಕೂಡಿಹಾಕಿದ್ರಂತೆ, ಬಾಯಾರಿ ಸತ್ನಂತೆ. ಒಬ್ಬೊಬ್ಬಳ ಕೈಗೂ ಒಂದೊಂದು ಚೊಂಬು ನೀರು ಕೊಡು."