ಸೌನಾದಲ್ಲಿ ಬೀಗರು

ನಿಶ್ಚಿತಾರ್ಥದ ಮರುದಿನ ಬೀಗರಿಬ್ಬರೂ ರೆಸಾರ್ಟಿನ ಸೌನಾದಲ್ಲಿ, ಒಣ ಬಿಸಿಯಲ್ಲಿ ಬೆವರಿಳಿಸುವ ಮರದ ಕೋಣೆಯಲ್ಲಿ, ಟವೆಲ್ ಸುತ್ತಿಕೊಂಡು ಕೂತಿದ್ದರು. ಹೆಣ್ಣಿನ ತಂದೆ ಗುರುಬಸಪ್ಪನವರಿಗೆ ಸೆಖೆಗೆ ಜೀವ ಬಾಯಿಗೆ ಬಂದಿತ್ತು. ಆದರೆ ಊಟದ ಪಂಕ್ತಿಯಲ್ಲಿ ಗಂಡಿನ ಕಡೆಯವರು ಏಳುವ ಮೊದಲು ಎದ್ದು ಗೊತ್ತಿದ್ದ ಮನೆತನವಲ್ಲ ಅವರದು. ಇಲ್ಲಿ ಎದ್ದು ಮಗಳ ಸಂಬಂಧಕ್ಕೆ ಕುತ್ತು ತಂದುಕೊಳ್ಳುವುದೇ?

"ಉಗಿ ಕೋಣೆಗಿಂತ ಇದ ಚಲೋ ಬಿಡ್ರಿ," ಎಂದರು ಗುರುಬಸಪ್ಪನವರು, ಗಂಡಿನ ತಂದೆ ಈಗಲಾದರೂ ಏಳಲೆಂದು ದೇವರಿಗೆ ಮೊರೆಯಿಡುತ್ತ. "ಅಲ್ಲಿ ಇಡ್ಲಿ ಬೆಂದಂಗ ಬೇಯತೀವಿ."

"ಇಲ್ಲಿ ಹಪ್ಪಳ ಸುಟ್ಟಂಗ ಸುಡತೀವಿ," ಎಂದು ಗಂಡಿನ ತಂದೆ ಬೆವರೊರೆಸಿಕೊಂಡರು. "ದುಬೈದಾಗ ಹಮಾಮ್ ಅಂತ ಐತ್ರಿ. ಬೆಚ್ಚನ್ನ ಕಲ್ಲಿನ ಮ್ಯಾಲೆ ಮಲಗಿಸಿ ಮೈ ತಿಕ್ಕತಾರ. ಅದರ ಸುಖನ ಬ್ಯಾರೆ."

"ಹೌದೇನ್ರಿ?"

ಹೊಗಳಲು ಇಂಥ ಇನ್ನೊಂದು ಜಾಗ ಇಬ್ಬರಿಗೂ ಗೊತ್ತಿರಲಿಲ್ಲ. ಗುರುಬಸಪ್ಪನವರಿಗೆ ಕಣ್ಣು ಕತ್ತಲಿಟ್ಟಿತು. ಕೊನೆಗೆ ಸಂಕೋಚ ಬಿಟ್ಟು ಕೇಳಿಯೇಬಿಟ್ಟರು.

"ಬೀಗರ, ನಿಮಗ ಒಂದೀಟೂ ಶೆಕಿ ಆಗವಲ್ದೇನ್ರಿ?"

ಗಂಡಿನ ತಂದೆ ಗೋಡೆಗೊರಗಿ, ಕಣ್ಣು ಮುಚ್ಚಿಕೊಂಡೇ ಉಸುರಿದರು:

"ವಯಸ್ಸಿನಾಗ ನೀವು ಹಿರೇರು. ನೀವು ಎದ್ದಮ್ಯಾಲೆ ಏಳೂಣು ಅಂತ ಆಗಿಂದ ಜೀವಾ ಹಿಡಕೊಂಡು ಕುಂತೀನ್ರಿ."